ಭೋಂಗಾ ಇಳಿಯುವ ಜಾಗ

ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ
ಕ್ರಿಸ್‌ಮಸ್ ಹಾಡಿನ ಸಂಜೆಯ ಉಸ್ತುವಾರಿ
ಟೈಮ್ ಆಫೀಸಿನ ನನ್ನ ಮೇಜಿಗೆ ಬಂತು.
ವರ್ಕ್‌ಶಾಪಿನವರು, ಕ್ವಾರ್ಟರ್ಸಿನವರು,
ಗೋಡೆಯಾಚೆ ಓಣಿಯವರು ಕೂಡ ಬರಬೇಕು
ಎಂದು ಅಂಚಿನಲ್ಲಿ ಸಾಹೇಬರ ಹಸಿರು ಶಾಯಿ.

ಕುರ್ಚಿ ದರ್ಗಾ ಕಮಿಟಿಯವರು ಕೊಟ್ಟರು,
ಕಾಲು ಮುರಿದದ್ದೊಂದನ್ನು ಮೊದಲೇ ತೋರಿಸಿ, ಸಹಿ ಮಾಡಿಸಿಕೊಂಡು.
ಭಜನಾ ಮಂಡಳಿಯ ಪೇಟಿ ರಿಕ್ಷಾದಲ್ಲಿ ಬಂತು.
ಬಡಗಿ ಶೆಡ್ಡಿನವರು ಹಳೆ ವ್ಯಾಗನ್ನಿನ ಹಲಗೆ ಸೀಳಿ
ಗೋದಲಿ ಕಟ್ಟಿದರು. ಅದರ ಮಗ್ಗುಲಲ್ಲಿ ಇನ್ನೂ ಓದಬಹುದಿತ್ತು:
ಮುಂದಿನ ರಿಪೇರಿ, ಹುಬ್ಬಳ್ಳಿ.

ಹಾಡುವವರೇ ಇರಲಿಲ್ಲ.
ಚರ್ಚಿನಿಂದ ಬಂದವಳು ಒಬ್ಬಳೇ, ಕರುಣಾಬಾಯಿ,
ಬಾಯ್ಲರ್ ಶೆಡ್ಡಿನ ದಾನಿಯೇಲಪ್ಪನ ಹೆಂಡತಿ.
ಊಟದ ಬಿಡುವಿನಲ್ಲಿ ಗಾಲಿಗಳ ನಡುವೆ ನಿಂತು ಹಾಡಿದಳು.
ಅತ್ತ ಏರದು, ಇತ್ತ ಇಳಿಯದು,
ಮೂರು ಮೆಟ್ಟಿಲ ಮೇಲೆಯೇ ಓಡಾಡಿ ಮುಗಿಯಿತು.
‘ಇದು ಯಾವ ಹಾಡ್ರೀ ಬಾಯಾರ?’ ಎಂದ ಕಮ್ಮಾರಸಾಲೆಯ ಮೌನೇಶ.
‘ಹಾಡಲ್ಲಪಾ, ಹಾಡಿನ ಒಳಗಿಂದು,
ಕೋಟಿಗೆ ಅಸ್ತರ ಇರತೈತಲ್ಲ, ಹಂಗ.
ಮ್ಯಾಲಿಂದು ಹಾಡೂ ಸರೋಜಿನಿ ಪುಣೆದಾಗ ಮಗಳ ಮನ್ಯಾಗದಾಳ.
ಕೆಳಗಿಂದು ಇವರು ಹಾಡತಿದ್ರು,’
ಎಂದು ಬಾಯ್ಲರ್ ಶೆಡ್ಡಿನ ಕಡೆ ನೋಡಿದಳು.

ಮೇಲಿನದನ್ನು ಕ್ವಾರ್ಟರ್ಸಿನ ಮಕ್ಕಳು ಮೊಬೈಲಿನಿಂದ ಕಲಿತರು.
ಕಮ್ಮಾರಸಾಲೆಯ ಹನ್ನೊಂದು ಮಂದಿ ಹಿಂದಿನ ಸಾಲಿನಲ್ಲಿ ನಿಂತು
ಹದಿನೈದು ದಿನ ಬರೀ ಬಾಯಿ ಆಡಿಸಿದರು.
ಅಷ್ಟು ಎತ್ತರಕ್ಕೆ ಅವರ ಗಂಟಲಿಗೆ ಏಣಿ ಇರಲಿಲ್ಲ.

ಎಲ್ಲ ಮುಗಿಯಿತು ಅನ್ನುವಾಗ ನನಗೊಂದು ನೆನಪಾಯಿತು.
ಐದಕ್ಕೆ ಭೋಂಗಾ ಹೊಡೆದರೆ ಹಾಡು ಕೆಟ್ಟೀತು.
ಪವರ್ ಹೌಸಿಗೆ ಪತ್ರ ಬರೆದೆ: ದಿನಾಂಕ ಇಪ್ಪತ್ಮೂರರಂದು ಸಂಜೆ
ದಯಮಾಡಿ ಮೌನ.
ಸಿಕ್ಕಾ ಬಿದ್ದ ನಕಲನ್ನು ಕಿಸೆಯಲ್ಲಿಟ್ಟುಕೊಂಡು
ಮನೆಯಲ್ಲಿ ಎರಡು ಸಲ ಹೇಳಿದೆ.

ಆ ಸಂಜೆ ಪೇಟಿ ಬಂದಿತ್ತು, ಪೇಟಿ ಮಾಸ್ತರರಿಲ್ಲ.
ನವಲಗುಂದದವರು ಮಗಳನ್ನು ನೋಡಲು ಬಂದಿದ್ದರಂತೆ.
ಓಣಿಯ ಹಾಲಪ್ಪ ತಂದ ನಿಜವಾದ ಕುರಿಮರಿ
ಸಾಹೇಬರ ಹಾರದಲ್ಲಿ ಅರ್ಧ ತಿಂದಿತು.
ಭಾಷಣ ಎರಡಾದವು.
ಕರುಣಾಬಾಯಿ ಮುಂದೆ ಬಂದು, ಕತ್ತು ತುಸು ವಾಲಿಸಿ
ಚಿಮಣಿಯ ಕಡೆ ಕಿವಿಯಿಟ್ಟು ನಿಂತಳು.
ಐದು. ಐದೂ ಒಂದು. ಐದೂ ಎರಡು.
ನಾನು ಕೈ ಮಾಡಿದೆ, ಶುರು ಮಾಡಿ ಎಂದು.
‘ಭೋಂಗಾ ಆಗ್ಲೆಪಾ,’ ಎಂದಳು ಮೆಲ್ಲಗೆ,
‘ಅದು ಇಳಕೋತ ಬಂದು ಎಲ್ಲಿ ನಿಂದರತದೋ ಅದ ನಮ್ಮ ಸ್ವರ.
ಸಣ್ಣಾಕಿದ್ದಾಗಿಂದ.’

ಯಾರೂ ನನಗೆ ಹೇಳಿರಲಿಲ್ಲ.
ನಾನೂ ಯಾರನ್ನೂ ಕೇಳಿರಲಿಲ್ಲ.
ಕಿಸೆಯಲ್ಲಿ ಕಾಗದ ಮಡಿಕೆ ಮಡಿಕೆಯಾಗಿ ಚುಚ್ಚಿತು.

ಕೊನೆಗೆ ಅಂದಾಜಿನ ಮೇಲೆ ಎತ್ತಿಕೊಂಡಳು. ತೀರ ಕೆಳಗೆ.
ಮಕ್ಕಳು ಎರಡು ಸಾಲು ಬಗ್ಗಿ ಬಗ್ಗಿ ಹುಡುಕಿದರು,
ಸಿಗದೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.
ಹಾಡು ನೆಲಕ್ಕೆ ಬಿತ್ತು ಅಂದುಕೊಂಡೆ.
ಅದು ಬಿದ್ದಲ್ಲಿ ಹಿಂದಿನ ಸಾಲು ನಿಂತಿತ್ತು.
ಮೌನೇಶ ಎತ್ತಿಕೊಂಡ. ಆಮೇಲೆ ಇಮಾಮಹುಸೇನ, ಪುಂಡಲೀಕ,
ಆಮೇಲೆ ಹನ್ನೊಂದೂ ಎದೆಗಳು.
ಹಳಿಯ ಕೆಳಗಿನ ಖಡಿ ಸರಿದಂಥ ದನಿ.
ಕುರಿಮರಿ ತಿನ್ನುವುದನ್ನು ಬಿಟ್ಟಿತು.

ಈಗ ಅವಳಿಗೆ ಜಾಗವಿಲ್ಲ.
ಅವರಿಗಿಂತ ಕೆಳಗೆ ಅವಳು ಎಲ್ಲಿಗೆ ಹೋದಾಳು?
ಉಸಿರು ತೆಗೆದುಕೊಂಡು, ತನ್ನ ಅದೇ ಮೂರು ಮೆಟ್ಟಿಲನ್ನು
ಎತ್ತಿ ಅವರೆಲ್ಲರ ತಲೆಯ ಮೇಲಿಟ್ಟಳು.
ಕೋಟು ತಿರುವಿ ತೊಟ್ಟಂತೆ ಅಸ್ತರ ಹೊರಗೆ ಬಂತು.
ಅರವತ್ತು ವರ್ಷ ಯಾರೂ ನೋಡಿರದ ಬಣ್ಣ.
ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು,
ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಬೇರೆ ಲಯದಲ್ಲಿ,
ಅಥವಾ ನನಗೆ ಹಾಗೆ ಕೇಳಿಸಿತು.

ಚಹಾ ನೂರಾ ನಲವತ್ತು ಕಪ್ಪು.
ಕುರ್ಚಿ ತೊಂಬತ್ತೊಂಬತ್ತು ವಾಪಸು.
ಮುರಿದದ್ದರ ಮೇಲೆ ಕುಳಿತವರು ಯಾರೋ, ಅದನ್ನು ಒಯ್ದವರು ಯಾರೋ.

ಮರುದಿನ ಬೆಳಗ್ಗೆ ಭೋಂಗಾ ಆಯಿತು.
ಹಾಜರಿ ಪುಸ್ತಕದ ಮೇಲೆ ಪೆನ್ನು ಹಿಡಿದು ಕಾದೆ,
ಮೂವತ್ತು ವರ್ಷ ತಡವಾದವರ ಹೆಸರಿಗಷ್ಟೇ ಕಾದವನು.
ಅದು ಇಳಿಯಿತು, ಇಳಿಯಿತು,
ಎಲ್ಲಿ ನಿಂತಿತೆಂದು ಹಿಡಿಯುವಷ್ಟರಲ್ಲಿ
ಮೌನೇಶ ಬಂದು ಸಹಿಗೆ ಕೈ ಚಾಚಿದ.